ಒಂಬತ್ತನೇ ನಂಬರಿನ ಚೀಲ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸೋಮವಾರ, ಬೆಳಿಗ್ಗೆ ಆರೂವರೆ. ಹಿಂದಿನ ದಿನ ಫುಟ್‌ಬಾಲ್ ಪಂದ್ಯ ನಡೆದಿತ್ತು. ಪಂದ್ಯದ ಮರುದಿನ ಎಂದರೆ ನಮಗೆ ಸೊಂಟ ಮುರಿಯುವ ದಿನ.

ಮೈದಾನದ ದೊಡ್ಡ ಗ್ಯಾಲರಿಯ ಅಡಿಯಲ್ಲಿ ಕ್ಲಬ್ಬಿನ ಲಾಂಡ್ರಿ. ಕಿಟಕಿ ಇಲ್ಲ. ಎರಡು ಮೆಷಿನ್ನು, ಒಂದು ಕಲ್ಲಿನ ತೊಟ್ಟಿ, ಒಂದು ಇಸ್ತ್ರಿ ಮೇಜು. ನಮ್ಮ ಚಾವಣಿ ಎಂದರೆ ಮೇಲೆ ಜನ ಕೂರುವ ಮೆಟ್ಟಿಲುಗಳ ತಳ. ಓರೆಯಾಗಿ ಇಳಿದು ಬರುತ್ತದೆ. ಮೂಲೆಯ ತೊಟ್ಟಿಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು. ಮೂವತ್ತೊಂದು ವರ್ಷ ಬಗ್ಗಿಸಿದ್ದೇನೆ.

ಆಟಗಾರರ ಬಟ್ಟೆ ಬಲೆಯ ಚೀಲದಲ್ಲಿ ಬರುತ್ತದೆ. ಒಬ್ಬನಿಗೆ ಒಂದು ಚೀಲ, ಚೀಲಕ್ಕೊಂದು ನಂಬರು. ಬಿಚ್ಚದೆ ಹಾಗೇ ಮೆಷಿನ್ನಿಗೆ ಹಾಕಿ ಎನ್ನುವುದು ಆಫೀಸಿನ ಮಾತು. ಆಫೀಸಿನವರು ಯಾವತ್ತೂ ಹುಲ್ಲಿನ ಕಲೆ ತೆಗೆದವರಲ್ಲ. ನಾನು ಪ್ರತಿ ಚೀಲವನ್ನೂ ಬಿಚ್ಚುತ್ತೇನೆ. ಮಂಡಿಯ ಕೆಸರನ್ನು ಬ್ರಷ್ಷಿನಲ್ಲಿ ಉಜ್ಜಿದ ಮೇಲೇ ಮೆಷಿನ್ನು. ಚೀಲದಲ್ಲಿ ಏನು ಬಂತೋ ಅದು ಚೀಲದಲ್ಲೇ ವಾಪಸ್ಸು ಹೋಗಬೇಕು. ಕೇಳುವುದಿಲ್ಲ, ಹೇಳುವುದಿಲ್ಲ. ಇಷ್ಟು ವರ್ಷದಲ್ಲಿ ಏನೇನೋ ಬಂದಿವೆ. ಮದುವೆಯ ಉಂಗುರ ಬಂದಿದೆ. ಬೇರೆಯವನ ಹೆಂಡತಿಯ ಕಾಲ್ಚೀಲ ಬಂದಿದೆ. ಒಂದು ಸಲ ಹಲ್ಲು ಬಂದಿತ್ತು. ಎಲ್ಲವನ್ನೂ ತೊಳೆದು ಕಳಿಸಿದ್ದೇವೆ. ಹಲ್ಲನ್ನೂ.

ಅವತ್ತು ಒಂಬತ್ತನೇ ನಂಬರಿನ ಚೀಲದ ತಳದಲ್ಲಿ ಹೆಂಗಸಿನ ಅಂಗಿಯೊಂದು ಉಂಡೆಯಾಗಿ ಬಿದ್ದಿತ್ತು. ತಿಳಿ ಹಳದಿ. ಕೊರಳಿನಿಂದ ಕೆಳಗೆ ಎಂಟು ಪುಟ್ಟ ಗುಂಡಿ. ಮೂರನೆಯದು ಇರಲಿಲ್ಲ. ಅದಿದ್ದ ಜಾಗದಲ್ಲಿ ಬಟ್ಟೆ ಹರಿದಿತ್ತು. ಕೊರಳಪಟ್ಟಿಯಿಂದ ಎದೆಯವರೆಗೆ ರಕ್ತ ಒಣಗಿ ಹಪ್ಪಳದಂತೆ ಗಟ್ಟಿಯಾಗಿತ್ತು.

ನಾನೇನು ಮಾಡಿದೆ? ಒಗೆದೆ.

ರಕ್ತಕ್ಕೆ ಬಿಸಿನೀರು ತಾಗಬಾರದು. ತಾಗಿದರೆ ಕಲೆ ಕೂತುಬಿಡುತ್ತದೆ. ತಣ್ಣೀರು ಬೇಕು, ಉಪ್ಪು ಬೇಕು, ಬೆರಳ ತುದಿ ಬೇಕು. ಬಟ್ಟೆಯ ಒಳಮೈಯಿಂದ ಹೊರಕ್ಕೆ ತಳ್ಳಬೇಕು. ಈ ವಿದ್ಯೆಯನ್ನು ನನಗೆ ಲಾಂಡ್ರಿ ಕಲಿಸಲಿಲ್ಲ. ನನ್ನ ಗಂಡ ಕಲಿಸಿದ. ಅವನು ಸತ್ತು ಹತ್ತೊಂಬತ್ತು ವರ್ಷವಾಯಿತು. ವಿದ್ಯೆ ಮಾತ್ರ ಕೈಯಲ್ಲಿ ಉಳಿದಿದೆ.

ನಾಲ್ಕು ಸಲ ನೀರು ಬದಲಾಯಿಸಿದೆ. ಕಲೆಯ ನೆರಳೂ ಉಳಿಯಲಿಲ್ಲ. ಹರಿದ ಜಾಗಕ್ಕೆ ಒಳಗಿನಿಂದ ತುಂಡು ಬಟ್ಟೆ ಕೊಟ್ಟು ಹೊಲಿದೆ. ನನ್ನ ಡಬ್ಬಿಯಲ್ಲಿ ಈ ವರ್ಷದ ಕ್ಲಬ್ ಅಂಗಿಯ ಕಾಲರಿನ ಗುಂಡಿಗಳಿದ್ದವು. ಬಿಳಿ, ಅಂಚಿಗೆ ನೀಲಿ ಗೆರೆ. ಅಳತೆ ಸರಿಹೋಯಿತು, ಒಂದನ್ನು ಹಾಕಿದೆ. ಇಸ್ತ್ರಿ ಮಾಡುವವಳು ಅದನ್ನು ಮೇಜಿನ ಮೇಲೆ ಹರಡಿಕೊಂಡು, "ಅಕ್ಕ, ಇದನ್ನ ಯಾರಿಗಾದ್ರೂ ಹೇಳ್ಬೇಕಲ್ವಾ?" ಎಂದಳು. ಮಡಿಸಿ ಚೀಲಕ್ಕೆ ಹಾಕು ಎಂದೆ. ಹಾಕಿದಳು. ಅಷ್ಟು ಕೆಟ್ಟ ಕಲೆಯನ್ನು ಅಷ್ಟು ಚೆನ್ನಾಗಿ ತೆಗೆದೆನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಒಂಬತ್ತನೇ ನಂಬರು ಎಂದರೆ ಬಾಣ. ಜನ ಇಟ್ಟ ಹೆಸರು. ಓಡುವಾಗ ಬಾಣದ ಹಾಗೆ ಓಡುತ್ತಾನಂತೆ. ನಾನು ಅವನ ಆಟ ನೋಡಿಲ್ಲ. ಆಟ ನಡೆಯುವಾಗ ನಾನು ಆಟದ ಅಡಿಯಲ್ಲಿರುತ್ತೇನೆ. ಅವನ ಬಟ್ಟೆ ಗೊತ್ತು. ಚಡ್ಡಿಯನ್ನು ತಿರುವಿಹಾಕಿಯೇ ಎಸೆಯುತ್ತಾನೆ. ಮೂಗನ್ನು ತೋಳಿಗೆ ಒರೆಸುತ್ತಾನೆ. ಮೇಲೆ ಅವನ ಹೆಸರು ಕೂಗುವವರಿಗೆ ಅವನ ತೋಳು ಗೊತ್ತಿಲ್ಲ.

ಅವನ ಹೆಂಡತಿಯನ್ನೂ ಬಲ್ಲೆ. ಮೈದಾನದ ಮೂರನೇ ಗೇಟಿನ ಪಕ್ಕದ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಿದ್ದ ಹುಡುಗಿ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಚಳಿಗಾಲದಲ್ಲಿ ಮೆಷಿನ್ನಿನ ಮೇಲೆ ಹತ್ತಿ ಕೂತು ತಿನ್ನುತ್ತಿದ್ದಳು, ಬೆಚ್ಚಗಿರುತ್ತದೆಂದು. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಟಿಕೆಟ್ ಬೇಡದ ಬಾಣ ಟಿಕೆಟ್ಟಿನ ಸಾಲಿನಲ್ಲಿ ನಿಂತು ಅವಳನ್ನು ಒಲಿಸಿಕೊಂಡ ಕಥೆ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ಮದುವೆಯಾದ ವಾರಕ್ಕೇ ಕಿಟಕಿ ಬಿಡಿಸಿದ. ಬಾಣನ ಹೆಂಡತಿ ಚಿಲ್ಲರೆ ಎಣಿಸಬಾರದಂತೆ. ಆಮೇಲೆ ಅವಳು ಊಟಕ್ಕೆ ಬರಲಿಲ್ಲ.

ಆ ಬುಧವಾರ ಅವಳು ಪೊಲೀಸ್ ಸ್ಟೇಷನ್ನಿಗೆ ಹೋದಳು. ಗುರುವಾರ ಪೇಪರಿನಲ್ಲಿ ಬಂತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಹೊಡೆತ ಎಂಬ ಮಾತು ಒಂದು ಕಡೆ ಇತ್ತು. ಆರೋಪ ಎಂಬ ಮಾತು ನಾಲ್ಕು ಕಡೆ ಇತ್ತು. ಅವನು ಹೊಡೆದ ಗೋಲುಗಳ ಲೆಕ್ಕ ಪ್ರತ್ಯೇಕ ಚೌಕದಲ್ಲಿ ದಪ್ಪಕ್ಷರದಲ್ಲಿತ್ತು. ಕ್ಲಬ್ಬಿನವರು ಅವನನ್ನು ಎರಡು ಪಂದ್ಯ ಹೊರಗಿಟ್ಟರು. ಎಂಥ ನ್ಯಾಯ ಎಂದು ಊರು ಹೊಗಳಿತು. ಅವನ ಕಾಲು ಉಳುಕಿ ಊದಿಕೊಂಡಿತ್ತು, ಆ ಎರಡು ಪಂದ್ಯ ಅವನು ಆಡುವ ಹಾಗೇ ಇರಲಿಲ್ಲ ಎಂಬುದು ಅವನ ಕಾಲಿಗೆ ಕಟ್ಟಿದ ಪಟ್ಟಿ ಒಗೆದ ನಮಗೆ ಗೊತ್ತು.

ನನ್ನ ಮಗ ಮೈದಾನದ ದೀಪಗಳ ಎಲೆಕ್ಟ್ರಿಷಿಯನ್. ಬಾಣನ ಅಭಿಮಾನಿ ಸಂಘಕ್ಕೆ ಅವನೇ ಮುಂದಾಳು. ಅವನ ಸ್ಕೂಟರಿನ ಮೇಲೆ ಒಂಬತ್ತು, ಅಂಗಿಯ ಮೇಲೆ ಒಂಬತ್ತು. ಗ್ಯಾಲರಿಯ ಹಿಂದಿನ ಕ್ವಾರ್ಟರ್ಸಿನಲ್ಲಿ ನಮ್ಮದು ಎರಡು ಕೋಣೆ. ನಾನು, ಮಗ, ಸೊಸೆ. ಆ ವಾರ ಕೋಣೆಯ ನೆಲದ ತುಂಬ ಬಿಳಿ ಬಟ್ಟೆ ಹಾಸಿ ನೀಲಿ ಬಣ್ಣದಲ್ಲಿ 'ಬಾಣ, ನಾವಿದ್ದೇವೆ' ಎಂದು ಬರೆದ. ನಾವು ಗೋಡೆಗೆ ಒತ್ತಿಕೊಂಡು ಓಡಾಡಿದೆವು. ಸೊಸೆ ಸ್ಕೂಲ್ ಬ್ಯಾಗು ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಾಳೆ. ದಪ್ಪ ಬಟ್ಟೆ ಹೊಲಿಯುವ ಕೈ. ಅಂಚು ಹೊಲಿದುಕೊಡು ಎಂದ. ಹೊಲಿದುಕೊಟ್ಟಳು.

ಊಟಕ್ಕೆ ಕೂತಾಗ ಅವಳು, ಆ ಹುಡುಗಿ ಸುಳ್ಳು ಹೇಳುತ್ತಾಳೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಹೊಡೆದಿದ್ದಾನೆಂದು ನಿನಗೆ ಹೇಗೆ ಗೊತ್ತು, ನೀನು ನೋಡಿದ್ದೀಯಾ ಎಂದು ಮಗ ತಿರುಗಿಸಿದ. ಆಟ ಬೇರೆ, ಮನೆ ಬೇರೆ. ನಾವು ಚಪ್ಪಾಳೆ ತಟ್ಟುವುದು ಆಟಕ್ಕೆ ಎಂದ. ಇದನ್ನು ಅವನು ತಾನೇ ಯೋಚಿಸಿ ಹೇಳಿದ್ದಲ್ಲ. ಆ ವಾರ ಊರಿನ ಎಲ್ಲ ಗಂಡಸರ ಬಾಯಲ್ಲೂ ಇದೇ ಮಾತು, ಒಂದೇ ಬಾಟಲಿಯಿಂದ ಬಾಯಿ ಮುಕ್ಕಳಿಸಿ ಉಗುಳಿದ ಹಾಗೆ. ನೋಡಿದವಳು ನಾನು. ತಟ್ಟೆಯ ಅನ್ನ ಕಲಸುತ್ತಲೇ ಇದ್ದೆ.

ಮೂರನೇ ವಾರದ ಶುಕ್ರವಾರ ಮಧ್ಯಾಹ್ನ ಟಿಕೆಟ್ ಹುಡುಗಿ ಲಾಂಡ್ರಿಯ ಹಿಂಬಾಗಿಲಿನಿಂದ ಬಂದಳು. ಕೆಳತುಟಿಗೆ ಹಾಕಿದ ಹೊಲಿಗೆಯ ಗುರುತು ಇತ್ತು. ಕೈಯಲ್ಲಿ ಕಾಗದದ ಚೀಲ. ಮೆಷಿನ್ನಿನ ಮೇಲೆ ಹತ್ತಿ ಕೂರಲಿಲ್ಲ. ಹಳದಿ ಅಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಮೂರನೇ ಗುಂಡಿಯ ಮೇಲೆ ಬೆರಳಿಟ್ಟಳು.

"ದೊಡ್ಡಮ್ಮ, ಈ ಹೊಲಿಗೆ ನಿಮ್ಮದಲ್ವಾ?"

ಹೌದು ಎಂದೆ.

ಅವಳು ಹೇಳಿದ್ದು ಇಷ್ಟು. ಶನಿವಾರ ಹೊಡೆದ. ಅಂಗಿಯನ್ನು ಅವಳ ಮೈಮೇಲಿಂದಲೇ ಕಿತ್ತುಕೊಂಡು ಹೋದ, ಅದು ಅವಳ ಕೈಯಲ್ಲಿ ಉಳಿಯಬಾರದೆಂದು. ಭಾನುವಾರ ಪಂದ್ಯ ಮುಗಿದ ಮೇಲೆ ತನ್ನ ಚೀಲಕ್ಕೆ ತುರುಕಿದ. ಆ ಭಾನುವಾರ ಅವನು ಎರಡು ಗೋಲು ಹೊಡೆದು ಗ್ಯಾಲರಿಗೆ ಮುತ್ತು ಎಸೆದಿದ್ದ. ಮಂಗಳವಾರ ಅಂಗಿ ಮಡಿಸಿಕೊಂಡು ಮನೆಗೆ ಬಂತು. ಹಾಸಿಗೆಯ ಮೇಲೆ ಹರಡಿ, ನೋಡು, ಏನೂ ಆಗಿಲ್ಲ ಎಂದನಂತೆ. ಅದನ್ನೇ ಹಿಡಿದುಕೊಂಡು ಅವಳು ಸ್ಟೇಷನ್ನಿಗೆ ಓಡಿದಳು. ಇನ್ಸ್‌ಪೆಕ್ಟರು ಅಂಗಿಯನ್ನು ಮೂಸಿ ನೋಡಿ, ಸೋಪಿನ ವಾಸನೆ ಬರುತ್ತಿದೆಯಲ್ಲಮ್ಮ, ಹೊಸದರ ಹಾಗಿದೆ ಎಂದರಂತೆ. ಸುತ್ತ ನಿಂತವರು ನಕ್ಕರಂತೆ. ಒಬ್ಬ, ಮಗಳಿಗೆ ಬಾಣನ ಸೈನ್ ಹಾಕಿಸಿಕೊಡುತ್ತೀರಾ ಎಂದು ಕೇಳಿದನಂತೆ. ಮೆಟ್ಟಿಲಿನ ಮೇಲೆ ಬಿದ್ದಳು ಎಂದು ಕ್ಲಬ್ಬಿನ ವಕೀಲ ಬರೆದುಕೊಟ್ಟ. ಬಿದ್ದರೂ ತುಟಿ ಒಡೆಯಬಹುದು ಎಂದು ಡಾಕ್ಟರು ಬರೆದುಕೊಟ್ಟರು.

"ಎಷ್ಟು ಚೆನ್ನಾಗಿ ಒಗೆದಿದ್ದೀರಿ ದೊಡ್ಡಮ್ಮ" ಎಂದಳು.

ವ್ಯಂಗ್ಯ ಇರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಂದು ಹೇಳುತ್ತೀರಾ ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು ನೋಡೋಣ ಎಂಬ ಮಾತು. ಅದರಷ್ಟು ಹೇಸಿಗೆಯ ಮಾತು ಇನ್ನೊಂದಿಲ್ಲ. ನನಗೆ ಪೆಟ್ಟು ಬೀಳುತ್ತಿದ್ದ ಕಾಲದಲ್ಲಿ ನನ್ನ ಅಣ್ಣ ಹೇಳಿದ್ದೂ ಅದನ್ನೇ. ಹುಡುಗಿ ತಲೆಯಾಡಿಸಿ, ಅಂಗಿಯನ್ನು ಮತ್ತೆ ಮಡಿಸಿಕೊಂಡು ಹೋದಳು. ಟಿಕೆಟ್ ಹರಿದು ಕೊಟ್ಟ ಕೈ, ಮಡಿಕೆ ನೀಟಾಗಿತ್ತು.

ಮರುದಿನ ಮ್ಯಾನೇಜರ್ ಇಳಿದು ಬಂದ. ಅವನು ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಲಾಂಡ್ರಿಯ ಹೊಸಿಲು ತುಳಿದದ್ದು ಅದೇ ಮೊದಲು. ಚಾವಣಿಗೆ ತಲೆ ಹೊಡೆಸಿಕೊಂಡ. ಮೂಗಿಗೆ ಕರ್ಚೀಫು ಹಿಡಿದ. ಹಾಗೆ ಹಿಡಿದುಕೊಂಡೇ ಒಂದು ಕಾಗದ ಚಾಚಿ, "ಒಂದು ಸೈನ್ ಅಷ್ಟೇ ಅಜ್ಜಿ" ಎಂದ. ಹನ್ನೊಂದು ವರ್ಷದಲ್ಲಿ ನಾನು ಅವನಿಗೆ ಯಾರೂ ಆಗಿರಲಿಲ್ಲ. ಅವತ್ತು ಅಜ್ಜಿಯಾದೆ.

ಕನ್ನಡಕ ಇಲ್ಲ, ಓದಿ ಹೇಳಿ ಎಂದೆ. ಓದಿದ. ಈ ಲಾಂಡ್ರಿಗೆ ಆಟದ ಬಟ್ಟೆಯಲ್ಲದೆ ಬೇರೆ ಯಾವ ಬಟ್ಟೆಯೂ ಬಂದಿಲ್ಲ, ಒಂಬತ್ತನೇ ನಂಬರಿನ ಚೀಲವನ್ನು ಬಿಚ್ಚಿಲ್ಲ ಎಂದು ಇತ್ತು. ಕಿವಿ ಮಂದ, ಇನ್ನೊಂದು ಸಲ ಎಂದೆ. ಓದಿದ. ಮೆಷಿನ್ನಿನ ಸದ್ದು, ಏನೂ ಕೇಳಿಸಲಿಲ್ಲ ಎಂದೆ. ಮೂರನೇ ಸಲ ಅವನ ದನಿ ಗಂಟಲೊಳಗೇ ಉಳಿಯಿತು. ಇಸ್ತ್ರಿ ಮಾಡುವವಳು ಪೆಟ್ಟಿಗೆಯನ್ನು ಎತ್ತಿ ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು. ಅವನ ಕಂಕುಳು ಒದ್ದೆಯಾಗಿತ್ತು. ಒಗೆಯುವವಳಿಗೆ ಅದು ಮೊದಲು ಕಾಣುತ್ತದೆ.

ಕ್ವಾರ್ಟರ್ಸು ಕ್ಲಬ್ಬಿನದು ಎಂಬುದನ್ನು ನೆನಪಿಸಿದ. ಮಗನ ಕೆಲಸವೂ ಕ್ಲಬ್ಬಿನದು ಎಂದ. ಬುಧವಾರದೊಳಗೆ ಸೈನ್ ಹಾಕಿ ಕಳಿಸು ಎಂದ. ಕಾಗದ ಇಸಿದುಕೊಂಡೆ. ಕನ್ನಡಕ ದಾರದಲ್ಲಿ ನನ್ನ ಕೊರಳಲ್ಲೇ ನೇತಾಡುತ್ತಿತ್ತು. ನಮ್ಮ ಕೊರಳ ಮೇಲೆ ಏನಿದೆ ಎಂದು ನೋಡುವ ಅಭ್ಯಾಸ ಅವನಿಗಿಲ್ಲ.

ಭಾನುವಾರ ಬಾಣ ಮೈದಾನಕ್ಕೆ ಮರಳಿದ. ನಾವು ಕೆಳಗೆ ಟವೆಲ್ ಒಣಹಾಕುತ್ತಿದ್ದೆವು. ನೂರ ಇಪ್ಪತ್ತು ಬಿಳಿ ಟವೆಲ್ಲು, ಬೆಳಗಿನಿಂದ ಒಗೆದದ್ದು. ಅವನು ಒಳಗೆ ಬಂದಾಗ ಒಂದು ಸಲ, ಗೋಲು ಹೊಡೆದಾಗ ಒಂದು ಸಲ ಇಪ್ಪತ್ತು ಸಾವಿರ ಜನ ನಮ್ಮ ತಲೆಯ ಮೇಲೆ ಕಾಲು ಕುಟ್ಟಿದರು. ಚಾವಣಿಯ ಬಿರುಕುಗಳಿಂದ ಸಿಮೆಂಟಿನ ಧೂಳು ಉದುರಿತು. ಕಡಲೆಕಾಯಿ ಸಿಪ್ಪೆ ಉದುರಿತು. ಯಾರದೋ ಎಂಜಲು ತಂಪು ಪಾನೀಯ ಗೋಡೆಯುದ್ದಕ್ಕೂ ಇಳಿಯಿತು. ಟವೆಲ್ಲುಗಳು ಬೂದುಬಣ್ಣಕ್ಕೆ ತಿರುಗಿದವು. ಜನರ ಭಕ್ತಿ ನಮಗೆ ಮುಟ್ಟುವುದು ಹೀಗೆ. ಆಮೇಲೆ ಹೊಸದೊಂದು ಕೂಗು ಶುರುವಾಯಿತು. ಬಿದ್ದವಳನ್ನು ಎತ್ತಬೇಡಿ, ಬಾಣನನ್ನು ಎತ್ತಿ. ತಾಳ ಹಾಕಿಕೊಂಡು ಕೂಗಿದರು. ಅದರಲ್ಲಿ ಹೆಂಗಸರ ದನಿಗಳೂ ಇದ್ದವು. ನನ್ನ ಮಗನ ದನಿಯೂ ಇತ್ತು. ಹೆತ್ತವಳಿಗೆ ಇಪ್ಪತ್ತು ಸಾವಿರದಲ್ಲೂ ಒಂದು ದನಿ ಬೇರೆ ಕೇಳುತ್ತದೆ.

ನಾವಿಬ್ಬರೂ ನೂರ ಇಪ್ಪತ್ತು ಟವೆಲ್ಲನ್ನು ಮತ್ತೆ ನೆನೆಹಾಕಿದೆವು.

ಸಂಜೆ ಚೀಲಗಳು ಬಂದವು. ಒಂಬತ್ತನೇ ನಂಬರಿನದು ಎಲ್ಲಕ್ಕಿಂತ ಮೇಲಿತ್ತು. ಎತ್ತಿಕೊಂಡೆ. ಒದ್ದೆ, ಭಾರ, ಹುಳಿ ವಾಸನೆ. ಗೋಡೆಯ ಮೊಳೆಗೆ ನೇತುಹಾಕಿದೆ.

"ಅಕ್ಕ, ಅದು?"

"ಒಗೆಯಲ್ಲ."

"ಕೆಲಸ ಹೋಗುತ್ತೆ ಅಕ್ಕ."

"ಹೋಗ್ಲಿ. ಅವನ ನಾತ ಅವನಿಗೇ ಇರ್ಲಿ."

ಮೂವತ್ತೊಂದು ವರ್ಷದಲ್ಲಿ ನಾನು ಒಗೆಯದೆ ಬಿಟ್ಟ ಮೊದಲ ಚೀಲ ಅದು.

ಮನೆಗೆ ಹೋದಾಗ ಮಗ ಗಂಟಲು ಕಟ್ಟಿಕೊಂಡು ಬಂದಿದ್ದ. ಬೆನ್ನಿನ ಮೇಲೆ ಒಂಬತ್ತು. ಬ್ಯಾನರನ್ನು ಮಡಿಸಿ ಮಂಚದ ಮೇಲಿಟ್ಟಿದ್ದ. ಮ್ಯಾನೇಜರನ ಕಾಗದವನ್ನು ಅವನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಚೀಲ, ಅಂಗಿ, ರಕ್ತ, ಉಪ್ಪು, ಗುಂಡಿ. ಸೊಸೆ ಬಾಗಿಲ ಹತ್ತಿರ ನಿಂತು ಕೇಳಿದಳು. ಮಗ ತಲೆ ತಗ್ಗಿಸಿದ. ನಾಚಿಕೆ ಎಂದುಕೊಂಡೆ. ತಾಯಿ ಅಲ್ಲವೇ, ಹಾಗೇ ಅಂದುಕೊಳ್ಳುತ್ತೇವೆ.

"ನೀನು ಒಗೆದೆ ಅಂತ ಬೇರೆ ಯಾರಿಗೂ ಗೊತ್ತಿಲ್ಲ ತಾನೇ?" ಎಂದ.

ಆಮೇಲೆ ಮಾತು ಬಿಚ್ಚಿಕೊಂಡಿತು. ಸೈನ್ ಹಾಕಿಬಿಡು ಎಂದ. ಮನೆ ಹೋಗುತ್ತದೆ ಎಂದ. ತಂಡ ಈ ವರ್ಷ ಗೆಲ್ಲುವ ಹೊತ್ತು, ಅವನಿಲ್ಲದೆ ಗೆಲ್ಲುವುದಿಲ್ಲ ಎಂದ. ಅಲ್ಲಿ ಕೂಗಿದ ಇಪ್ಪತ್ತು ಸಾವಿರ ಜನರೆಲ್ಲ ಮೂರ್ಖರೇ ಎಂದು ಕೇಳಿದ. ಕಾಲಿನ ಕೆಲಸಕ್ಕೆ ಮೆಚ್ಚಿದವರು ಕೈಯ ಲೆಕ್ಕ ಯಾಕೆ ಕೇಳಬೇಕು ಎಂದ. ಕೊನೆಗೆ ಅದೇ ಹಳೆಯ ಮಾತು, ಆಟ ಬೇರೆ, ಮನೆ ಬೇರೆ.

"ಎರಡೂ ಒಂದೇ ಚೀಲದಲ್ಲಿ ಬಂದಿತ್ತು ಕಣೋ" ಎಂದೆ.

ಸೊಸೆ ಆಗ ಬಾಯಿ ತೆರೆದಳು. ಅತ್ತೆ ಸ್ಟೇಷನ್ನಿಗೆ ಹೋಗುವುದಾದರೆ ನಾನೂ ಜೊತೆಗೆ ಹೋಗುತ್ತೇನೆ ಎಂದಳು. ಅಷ್ಟೇ. ದನಿ ಎತ್ತಲಿಲ್ಲ.

ಮಗ ಎದ್ದ. ಕೈ ಎತ್ತಿದ.

ಅದು ನನ್ನ ಗಂಡನ ಕೈ. ಅದೇ ಮೊಣಕೈ ಮಡಿಕೆ, ಅದೇ ಹೆಬ್ಬೆರಳು. ಆ ಕೈ ಎದ್ದಾಗ ಇವನು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದ. ಕಿವಿ ಮುಚ್ಚಿಕೊಳ್ಳುತ್ತಿದ್ದ. ಎಳೆದು ತೆಗೆದು ಎದೆಗೆ ಅವುಚಿಕೊಂಡವಳು ನಾನು. ಇವನು ಕಿವಿ ಮುಚ್ಚಿಕೊಂಡಿದ್ದನೇ ಹೊರತು ಕಣ್ಣು ಮುಚ್ಚಿಕೊಂಡಿರಲಿಲ್ಲ. ನೋಡಿ ಕಲಿತಿದ್ದ.

"ಇಳಿಸು" ಎಂದೆ. "ಚಪ್ಪಾಳೆ ಹೊಡೆಯೋರು ಇಲ್ಲಿ ಯಾರೂ ಇಲ್ಲ."

ಇಳಿಸಿದ. ಹೊಡೆಯಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಸೊಸೆ ಅವನ ಮುಖ ನೋಡಲಿಲ್ಲ. ಕೈ ಎದ್ದಿದ್ದ ಜಾಗವನ್ನೇ ನೋಡುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ನಾನು, ಸೊಸೆ, ಟಿಕೆಟ್ ಹುಡುಗಿ. ಇಸ್ತ್ರಿ ಮಾಡುವವಳು ಬರಲಿಲ್ಲ. ಮಂಡಿನೋವು ಎಂದಳು. ಆದರೆ ಹೊರಡುವಾಗ ನನ್ನ ಗುಂಡಿಯ ಡಬ್ಬಿಯನ್ನೂ ನಾನು ಹೊಲಿದ ದಾರದ ಉಂಡೆಯನ್ನೂ ತಾನೇ ತಂದು ನನ್ನ ಕೈಗಿಟ್ಟಳು. ಅವಳಿಗೂ ಒಂದು ಮನೆ ಇದೆ, ಅಲ್ಲೊಬ್ಬ ಗಂಡಸಿದ್ದಾನೆ.

ಇನ್ಸ್‌ಪೆಕ್ಟರ ಮೇಜಿನ ಗಾಜಿನ ಕೆಳಗೆ ಬಾಣನ ಚಿತ್ರವಿತ್ತು. ಅದರ ಮೇಲೇ ಹಳದಿ ಅಂಗಿಯನ್ನು ಹರಡಿದೆವು. ಅವರು ಕುರ್ಚಿಗೆ ಒರಗಿ, ಅದು ರಕ್ತ ಎಂದು ನೀನು ಹೇಗೆ ಹೇಳುತ್ತೀಯಮ್ಮ, ಟೊಮೆಟೊ ಸಾಸ್ ಇರಬಾರದೇಕೆ ಎಂದರು. ಪಕ್ಕದವನು ಕಿಸಕ್ಕೆಂದ.

"ಸಾಸಿನ ಕೆಂಪು ಬರೀ ತಣ್ಣೀರು ಉಪ್ಪಿಗೆ ಬಿಡಲ್ಲ ಸ್ವಾಮಿ. ರಕ್ತ ಬಿಡುತ್ತೆ, ಇದೂ ಬಿಡ್ತು. ನಿಮ್ಮ ಬಟ್ಟೆ ಒಗೆಯೋರನ್ನ ಕೇಳಿ, ಹೇಳ್ತಾರೆ."

ಕಿಸಕ್ಕೆಂದವನ ಹಲ್ಲು ಒಳಗೆ ಹೋಯಿತು. ಡಬ್ಬಿ ತೆಗೆದು ಕ್ಲಬ್ಬಿನ ಗುಂಡಿಗಳನ್ನು ಮೇಜಿನ ಮೇಲೆ ಸುರಿದೆ. ಅಂಗಿಯ ಮೂರನೇ ಗುಂಡಿಯ ಪಕ್ಕಕ್ಕೆ ಒಂದನ್ನು ಇಟ್ಟೆ. ಅದೇ ಬಿಳಿ, ಅದೇ ನೀಲಿ ಗೆರೆ. ಇದು ಅಂಗಡಿಯಲ್ಲಿ ಸಿಗುವುದಲ್ಲ, ಈ ವರ್ಷವೇ ಕ್ಲಬ್ಬಿಗೆ ಬಂದದ್ದು ಎಂದೆ. ಅಂಗಿಯನ್ನು ತಿರುವಿ ಒಳಗಿನ ತೇಪೆ ತೋರಿಸಿದೆ. ಮೆಟ್ಟಿಲ ಮೇಲೆ ಬಿದ್ದರೆ ತುಟಿ ಒಡೆಯಬಹುದು, ಗುಂಡಿ ಬಟ್ಟೆ ಸಮೇತ ಕಿತ್ತು ಬರುವುದಿಲ್ಲ. ಹಿಡಿದು ಎಳೆದರೆ ಮಾತ್ರ ಹೀಗೆ ಹರಿಯುತ್ತದೆ, ಇಂಥದ್ದನ್ನು ನನ್ನ ಮೈಮೇಲೇ ಹೊಲಿದುಕೊಂಡವಳು ನಾನು ಎಂದೆ. ಯಾಕೆ ಒಗೆದೆ ಎಂದು ಕೇಳಿದರು. ನನಗೆ ಗೊತ್ತಿರುವ ಕೆಲಸ ಅದೊಂದೇ, ಅದಕ್ಕೇ ಒಗೆದೆ. ತಪ್ಪಾಯಿತು, ಅದನ್ನೂ ಬರೆದುಕೊಳ್ಳಿ ಎಂದೆ.

ಬರೆದುಕೊಳ್ಳದೆ ಅವರಿಗೆ ಗತಿ ಇರಲಿಲ್ಲ. ಬರೆದ ಮೇಲೆ ನನ್ನ ಕನ್ನಡಕ ಹಾಕಿಕೊಂಡೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಎಲ್ಲವನ್ನೂ ಓದಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅವರು ಗಡಿಯಾರ ನೋಡಿದರು, ಕೆಮ್ಮಿದರು, ಟೀ ತರಿಸಿಕೊಂಡು ಕುಡಿದರು. ನಾನು ಓದಿದೆ. ರಕ್ತ ಎಂದು ಹೇಳಿದ ಕಡೆ ಕಲೆ ಎಂದು ಬರೆದಿದ್ದರು. ತಿದ್ದಿಸಿದೆ. ಆಮೇಲೆ ನನ್ನ ಹೆಸರು ಬರೆದೆ. ಹೊರಗೆ ಬಂದಾಗ ಟಿಕೆಟ್ ಹುಡುಗಿ ನನ್ನ ಬೆರಳುಗಳನ್ನು ಹಿಡಿದುಕೊಂಡಳು. ಸೋಡಾಪುಡಿ ತಿಂದು ಸಿಪ್ಪೆ ಸುಲಿದ ಬೆರಳು. ಬಿಡಲೇ ಇಲ್ಲ.

ಬುಧವಾರ ಕಾಗದ ಬಂತು. ನಾನು ಕೆಲಸದಲ್ಲಿ ಇಲ್ಲ, ಕ್ವಾರ್ಟರ್ಸಿನಲ್ಲಿ ನನಗೆ ಜಾಗವಿಲ್ಲ. ಮಗನ ಕೆಲಸ ಉಳಿಯಿತು. ತಾಯಿಯ ಮಾತಿಗೂ ತನಗೂ ಸಂಬಂಧವಿಲ್ಲ ಎಂದು ಅವನು ಬರೆದುಕೊಟ್ಟಿದ್ದ. ಅದಕ್ಕೆ ಎರಡು ಕೋಣೆಯೂ ಉಳಿಯಿತು. ಒಂಬತ್ತನೇ ನಂಬರಿನ ಚೀಲ ಇನ್ನೂ ಮೊಳೆಯಲ್ಲೇ ಇತ್ತು. ಇಸ್ತ್ರಿ ಮಾಡುವವಳೂ ಅದನ್ನು ಮುಟ್ಟಿರಲಿಲ್ಲ. ಬೂಷ್ಟು ಹಿಡಿದು, ಲಾಂಡ್ರಿಯ ಬಾಗಿಲಿನಾಚೆಗೂ ನಾರುತ್ತಿತ್ತು. ಬಾಣನಿಗೆ ಹೊಸ ಅಂಗಿ ಕೊಟ್ಟರಂತೆ. ಅವರಿಗೆ ಅಂಗಿಗಳಿಗೇನು ಬರ.

ಮರುದಿನ ಬೆಳಿಗ್ಗೆ ನನ್ನ ಬಟ್ಟೆ ಜೋಡಿಸಿಕೊಂಡೆ. ಪಕ್ಕದಲ್ಲಿ ಸೊಸೆ ತನ್ನದನ್ನೂ ಜೋಡಿಸುತ್ತಿದ್ದಳು. ಬ್ಯಾಗಿನ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಕೇಳಿಟ್ಟಿದ್ದಳಂತೆ. ನನಗೂ ಸೇರಿಸಿಯೇ ಕೇಳಿದ್ದಳಂತೆ. ಗಂಟು ಕಟ್ಟಲು ದೊಡ್ಡ ಬಟ್ಟೆ ಇರಲಿಲ್ಲ. ಮಂಚದ ಮೇಲಿನ ಬ್ಯಾನರನ್ನು ಎಳೆದು ನೆಲಕ್ಕೆ ಹಾಸಿದಳು. ಗಟ್ಟಿ ಬಟ್ಟೆ, ಅಂಚು ಅವಳೇ ಹೊಲಿದದ್ದು. ನೀಲಿ ಅಕ್ಷರಗಳ ಮೇಲೆ ನಮ್ಮ ಸೀರೆಗಳನ್ನೂ ನನ್ನ ಗುಂಡಿಯ ಡಬ್ಬಿಯನ್ನೂ ಇಟ್ಟು ನಾಲ್ಕು ಮೂಲೆ ಎಳೆದು ಗಂಟು ಹಾಕಿದಳು. ಮಗ ಬಾಗಿಲಲ್ಲಿ ನಿಂತು, ಅದು ಸಂಘದ ಬ್ಯಾನರು ಎಂದ. ನಮ್ಮ ಬಗ್ಗೆ ಅವನು ಹೇಳಿದ್ದು ಅಷ್ಟೇ.

ಗೇಟಿನ ಹೊರಗೆ ಬಾಣನ ಕಾರಿಗಾಗಿ ಜನ ಕಾಯುತ್ತಿದ್ದರು. ದಾರಿ ಬಿಡಿ ಎಂದೆವು. ನಮ್ಮ ತಲೆಯ ಮೇಲಿನ ಗಂಟಿನಲ್ಲಿ ನೀಲಿ ಅಕ್ಷರ ಕಂಡು, ನಮ್ಮವರೇ ಎಂದುಕೊಂಡು ಬಿಟ್ಟರು.

ಕೇಸು ನಡೆಯುತ್ತಿದೆ. ಬಾಣ ಹೋಗಲಿಲ್ಲ, ಆಡುತ್ತಿದ್ದಾನೆ. ಮ್ಯಾನೇಜರ್ ಹೋಗಲಿಲ್ಲ. ಇಪ್ಪತ್ತು ಸಾವಿರ ಜನರಲ್ಲಿ ಒಬ್ಬನೂ ಎದ್ದು ಹೋಗಲಿಲ್ಲ. ಹೋದವರು ನಾವಿಬ್ಬರು, ಅತ್ತೆ ಮತ್ತು ಸೊಸೆ. ಅವತ್ತು ಗುರುವಾರ.